ಒಣಗದ ಗಾಯಕ್ಕೆ ಆಮ್ಲಜನಕದ ಚಿಕಿತ್ಸೆ: ನಾವು ತಿಳಿದಿರಬೇಕಾದದ್ದು

“ಕಾಲಿನ ಗಾಯ ಎರಡು ತಿಂಗಳಾದ್ರೂ ಒಣಗಿಲ್ಲ. ದಿನಾ ಡ್ರೆಸ್ಸಿಂಗ್ ಮಾಡಿಸ್ತಾ ಇದ್ದೇವೆ. ಈಗ ಡಾಕ್ಟ್ರು ಆಕ್ಸಿಜನ್ ಚೇಂಬರ್‌ನಲ್ಲಿ ಚಿಕಿತ್ಸೆ ಆಗ್ಬೇಕು ಅಂತಾರೆ. ಪೆಟ್ಟಿಗೆ ಒಳಗೆ ಹಾಕಿ ಬಾಗಿಲು ಮುಚ್ಚಿದ್ರೆ ಉಸಿರು ಕಟ್ಟೋದಿಲ್ವಾ?”

ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಇಂಥ ಪ್ರಶ್ನೆ ಏಳುವುದು ಸಹಜ. ಹೆದರಿ ಚಿಕಿತ್ಸೆ ಬಿಟ್ಟರೆ ಕಾಲಿಗೆ ಅಪಾಯ. ಯಾರೋ ಹೇಳಿದರೆಂದು ವಿಚಾರಿಸದೆ ಸಾಲ ಮಾಡಿ ಹಣ ಸುರಿದರೆ ಮನೆಗೆ ಅಪಾಯ. ಆದ್ದರಿಂದ ಈ ಚಿಕಿತ್ಸೆ ಏನು, ಯಾರಿಗೆ, ಹೇಗೆ ಎಂಬುದನ್ನು ತಿಳಿದುಕೊಳ್ಳೋಣ. ಇದರ ಪೂರ್ತಿ ಹೆಸರು ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ. ಅಂದರೆ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಡುವ ಚಿಕಿತ್ಸೆ.

1. ಗಾಯ ಯಾಕೆ ಒಣಗುವುದಿಲ್ಲ?

ಗಾಯ ಮಾಯಲು ಆಮ್ಲಜನಕ ಬೇಕೇ ಬೇಕು. ರೋಗಾಣುಗಳನ್ನು ಕೊಲ್ಲುವ ಬಿಳಿ ರಕ್ತಕಣಗಳಿಗೂ, ಹೊಸ ಚರ್ಮ ಕಟ್ಟುವ ಜೀವಕೋಶಗಳಿಗೂ ಅದೇ ಆಧಾರ. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗುತ್ತವೆ. ನರಗಳ ಸ್ಪರ್ಶವೂ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ನೋವೇ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಗಾಯ ಆಳಕ್ಕಿಳಿದಿರುತ್ತದೆ.

2. ಒತ್ತಡ ಏನು ಮಾಡುತ್ತದೆ?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಭಾಗ ಮಾತ್ರ. ಅದನ್ನು ಹೊರುವ ಕೆಲಸ ಕೆಂಪು ರಕ್ತಕಣಗಳದ್ದು. ಆರೋಗ್ಯವಂತರಲ್ಲಿ ಈ ಕಣಗಳು ಆಗಲೇ ಹೆಚ್ಚುಕಡಿಮೆ ತುಂಬಿರುತ್ತವೆ. ಅವುಗಳ ಮೇಲೆ ಇನ್ನಷ್ಟು ಹೊರಿಸಲು ಆಗುವುದಿಲ್ಲ.

ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಒತ್ತುವ ತನಕ ಒಳಗಿನ ಗ್ಯಾಸು ನೀರಿನಲ್ಲಿ ಕರಗಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಗ್ಯಾಸು ಹೆಚ್ಚು ಕರಗುತ್ತದೆ. ಚೇಂಬರ್ ಒಳಗೆ ನಡೆಯುವುದೂ ಇದೇ. ಒತ್ತಡವನ್ನು ಸಾಮಾನ್ಯಕ್ಕಿಂತ 2ರಿಂದ 2.5 ಪಟ್ಟು ಏರಿಸುತ್ತಾರೆ. ಇದು 10ರಿಂದ 15 ಮೀಟರ್ ಆಳದ ನೀರಿನಲ್ಲಿ ಇದ್ದ ಹಾಗೆ. ಆಗ ಆಮ್ಲಜನಕ ರಕ್ತದ ದ್ರವದಲ್ಲೇ ಕರಗಿ, ಸೊರಗಿದ ಜಾಗಕ್ಕೂ ತಲುಪುತ್ತದೆ.

ನೆದರ್‌ಲ್ಯಾಂಡ್ಸ್‌ನ ಶಸ್ತ್ರಚಿಕಿತ್ಸಕ ಬೋರೆಮಾ ಮತ್ತು ಸಂಗಡಿಗರು 1960ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಂದಿಗಳ ಕೆಂಪು ರಕ್ತಕಣಗಳನ್ನು ಬಹುಪಾಲು ತೆಗೆದಿದ್ದರೂ, 3 ಪಟ್ಟು ಒತ್ತಡದಲ್ಲಿ ಆಮ್ಲಜನಕ ಕೊಟ್ಟಾಗ ಅವು ಸ್ವಲ್ಪ ಹೊತ್ತು ಬದುಕಿದ್ದವು. ಕರಗಿದ ಆಮ್ಲಜನಕದ ಶಕ್ತಿ ಅಷ್ಟು.

3. ಯಾರಿಗೆ ಉಪಯೋಗ?

• ಆಳಕ್ಕೆ ಇಳಿದ, ಸರಿಯಾದ ಆರೈಕೆಯಿಂದಲೂ ಮಾಯದ ಕೆಲವು ಸಕ್ಕರೆ ಕಾಯಿಲೆ ಗಾಯಗಳು
• ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟ ಜಾಗದಲ್ಲಿ ಆಮೇಲೆ ಆದ ಹಾನಿ
• ಮುಚ್ಚಿದ ಕೋಣೆಯಲ್ಲಿ ಕೆಂಡ ಅಥವಾ ಜನರೇಟರ್ ಹೊಗೆಯಿಂದ ಆದ ವಿಷಬಾಧೆ
• ಸಮುದ್ರದ ಆಳದಿಂದ ಬೇಗ ಮೇಲೆ ಬಂದ ಮುಳುಗುಗಾರರ ತೊಂದರೆ

ಸಕ್ಕರೆ ಕಾಯಿಲೆಯ ಎಲ್ಲ ಗಾಯಕ್ಕೂ ಇದು ಬೇಕಾಗಿಲ್ಲ. ಕಾಲಿನ ದೊಡ್ಡ ರಕ್ತನಾಳವೇ ಮುಚ್ಚಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಸತ್ತ ಮಾಂಸ ತೆಗೆಯುವುದು, ಸೋಂಕಿಗೆ ಔಷಧಿ, ಡ್ರೆಸ್ಸಿಂಗ್, ಗಾಯದ ಮೇಲೆ ಭಾರ ಬೀಳದಂತೆ ನೋಡುವುದು, ಶುಗರ್ ಹತೋಟಿ – ಇವೆಲ್ಲ ನಡೆಯುತ್ತಲೇ ಇರಬೇಕು. ಚೇಂಬರ್ ಇವುಗಳ ಜೊತೆಗಿರುವ ಸಹಾಯ.

4. ಚೇಂಬರ್ ಒಳಗೆ ಏನಾಗುತ್ತದೆ?

ಚೇಂಬರ್‌ನಲ್ಲಿ ಎರಡು ಬಗೆ. ಒಬ್ಬರು ಮಲಗುವ ಪಾರದರ್ಶಕ ಕೊಳವೆ ಒಂದು. ಹಲವರು ಕೂತು ಮಾಸ್ಕ್ ಅಥವಾ ಮುಸುಕಿನಿಂದ ಉಸಿರಾಡುವ ಕೋಣೆ ಇನ್ನೊಂದು. ಎರಡರಲ್ಲೂ ಉಸಿರು ಕಟ್ಟುವುದಿಲ್ಲ. ಸಿಬ್ಬಂದಿ ಪೂರ್ತಿ ಹೊತ್ತು ನೋಡುತ್ತಿರುತ್ತಾರೆ, ಮಾತಾಡಲೂ ಆಗುತ್ತದೆ. ಭಯವಾದರೆ ತಕ್ಷಣ ಹೇಳಬಹುದು.

ಒತ್ತಡ ಏರುವಾಗ ಸ್ವಲ್ಪ ಸೆಕೆ ಆಗುತ್ತದೆ, ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವ ಹಾಗೆ ಕಿವಿ ಕಟ್ಟುತ್ತದೆ. ಉಗುಳು ನುಂಗಿ, ಆಕಳಿಸಿ, ಅಥವಾ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ. ಆದರೂ ನೋವಿದ್ದರೆ ತಡೆದುಕೊಳ್ಳಬೇಡಿ, ಹೇಳಿಬಿಡಿ. ಒಂದು ಸಲಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮಾಯದ ಗಾಯಗಳಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 20ರಿಂದ 40 ಸಲ ಬೇಕಾಗುತ್ತದೆ. ಒಂದೆರಡು ಸಲಕ್ಕೆ ಗುಣ ಕಾಣಲಿಲ್ಲವೆಂದು ಬೇಸರ ಬೇಡ.

5. ಎಚ್ಚರಿಕೆಗಳು

• ಬೀಡಿ, ಬೆಂಕಿಪೊಟ್ಟಣ, ಮೊಬೈಲ್, ಬ್ಯಾಟರಿ ವಸ್ತು ಒಳಗೆ ಒಯ್ಯಲೇಬಾರದು. ತಲೆಗೆಣ್ಣೆ, ಸೆಂಟು, ಕ್ರೀಮು ಹಚ್ಚಬಾರದು. ಅವರು ಕೊಡುವ ಹತ್ತಿ ಬಟ್ಟೆಯನ್ನೇ ಹಾಕಿ. ಹೆಚ್ಚು ಆಮ್ಲಜನಕ ಇರುವಲ್ಲಿ ಒಂದು ಕಿಡಿಯೂ ಸಾಕು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಚೇಂಬರ್ ಒಳಗೆ ಬೆಂಕಿ ಹೊತ್ತಿ 5 ವರ್ಷದ ಬಾಲಕ ತೀರಿಕೊಂಡ.
• ಚಿಕಿತ್ಸೆಯ ಹೊತ್ತಿನಲ್ಲಿ ಶುಗರ್ ಇಳಿಯಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೊದಲು ಪರೀಕ್ಷೆ ಮಾಡಿಸಿ.
• ನೆಗಡಿ, ಜ್ವರ, ಶ್ವಾಸಕೋಶದ ಕಾಯಿಲೆ, ಫಿಟ್ಸ್, ಕಿವಿ ಆಪರೇಷನ್, ಪೇಸ್‌ಮೇಕರ್, ಗರ್ಭ ಇದ್ದರೆ, ತೆಗೆದುಕೊಳ್ಳುವ ಔಷಧಿ ಏನಿದ್ದರೂ ಮುಚ್ಚಿಡದೆ ಹೇಳಿ. ಶ್ವಾಸಕೋಶದ ಸುತ್ತ ಗಾಳಿ ತುಂಬಿದ್ದರೆ, ಅದು ಸರಿಯಾಗುವ ತನಕ ಈ ಚಿಕಿತ್ಸೆ ಕೊಡುವಂತಿಲ್ಲ.
• ಕೆಲವರಿಗೆ ದೂರದ ದೃಷ್ಟಿ ಮಂಜಾಗಬಹುದು. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫಿಟ್ಸ್ ಬರುವುದು ಅಪರೂಪ.
• ಬೀಡಿ, ಸಿಗರೇಟು ರಕ್ತನಾಳ ಬಿಗಿಯುತ್ತವೆ. ಸೇದುತ್ತಾ ಇದ್ದರೆ ಕೊಟ್ಟ ಹಣ ವ್ಯರ್ಥವಾದೀತು.

6. ಸುಳ್ಳು ಭರವಸೆಗೆ ಮರುಳಾಗಬೇಡಿ

ಆಟಿಸಂ ಇರುವ ಮಕ್ಕಳು, ಕ್ಯಾನ್ಸರ್, ಮುಪ್ಪು – ಎಲ್ಲಕ್ಕೂ ಚೇಂಬರ್ ಮದ್ದು ಎಂದು ಪ್ರಚಾರ ಮಾಡುವವರಿದ್ದಾರೆ. ಇವುಗಳನ್ನು ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಗುವಿನ ಮೇಲಿನ ಪ್ರೀತಿಗಾಗಿ ತಾಯಂದಿರು ಒಡವೆ ಅಡವಿಡುವ ಮೊದಲು ಇನ್ನೊಬ್ಬ ತಜ್ಞರನ್ನು ಕೇಳಲಿ.

ಒಪ್ಪುವ ಮೊದಲು ಡಾಕ್ಟರನ್ನು ಹೀಗೆ ಕೇಳಿ: ನನ್ನ ಗಾಯಕ್ಕೆ ಇದು ಯಾಕೆ ಬೇಕು? ರಕ್ತನಾಳದ ಪರೀಕ್ಷೆ ಆಗಿದೆಯಾ? ಎಷ್ಟು ಸಲ, ಒಟ್ಟು ಖರ್ಚೆಷ್ಟು, ವಿಮೆ ಸಿಗುತ್ತದಾ? ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ? ಕೇಳುವುದು ಅವಮರ್ಯಾದೆ ಅಲ್ಲ, ನಮ್ಮ ಹಕ್ಕು.

ಎಲ್ಲಕ್ಕಿಂತ ಮೊದಲಿನ ಚಿಕಿತ್ಸೆ ಮನೆಯಲ್ಲೇ ಇದೆ. ಸಕ್ಕರೆ ಕಾಯಿಲೆ ಇದ್ದವರು ದಿನಾ ರಾತ್ರಿ ಕಾಲು ತೊಳೆದು, ಒರೆಸಿ, ಅಂಗಾಲನ್ನೂ ಬೆರಳ ಸಂದನ್ನೂ ನೋಡಿಕೊಳ್ಳಲಿ. ಕಣ್ಣು ಕಾಣದಿದ್ದರೆ ಮಕ್ಕಳು, ಮೊಮ್ಮಕ್ಕಳು ನೋಡಲಿ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯದಿರಲಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರು ಎಷ್ಟು ಮಂದಿ? ಅವರ ಕಾಲು ನೋಡುವವರು ಯಾರು?
2. ಗಾಯವಾದರೆ ಎಷ್ಟು ದಿನ ಕಾದು ಆಸ್ಪತ್ರೆಗೆ ಹೋಗುತ್ತೇವೆ? ಯಾಕೆ ತಡವಾಗುತ್ತದೆ?
3. ದುಬಾರಿ ಚಿಕಿತ್ಸೆಗೆ ಸಾಲ ಕೇಳಿ ಬಂದ ಸದಸ್ಯರಿಗೆ ನಾವು ಯಾವ ಮಾಹಿತಿ ಕೊಡಬಹುದು?