ಶುಲ್ಕ ಅಗ್ಗ, ಕಾಲೇಜು ದುಬಾರಿ

ಭಾಂಡುಪಿನ ಸ್ವಂತ ಮನೆಯನ್ನು 22,000ಕ್ಕೆ ಬಾಡಿಗೆಗೆ ಕೊಟ್ಟು, ನಾವು ಮಾಟುಂಗಾದ ಹಳೆ ಕಟ್ಟಡವೊಂದರ ನೆಲಮಹಡಿಗೆ ತಿಂಗಳಿಗೆ 45,000 ತೆತ್ತು ಹೋದಾಗ ನೆಂಟರೆಲ್ಲ ಹುಬ್ಬೇರಿಸಿದರು. ‘ಮಗಳ ಬಿ.ಎ. ಫೀಸು ವರ್ಷಕ್ಕೆ ಹತ್ತು ಸಾವಿರವೂ ಇಲ್ಲ, ಅದಕ್ಕೆ ಇಷ್ಟು ಖರ್ಚಾ?’ ಎಂದು ಕೇಳಿದರು. ಫೀಸು ಅಷ್ಟು ಕಡಿಮೆ ಎಂಬುದೇ ನಮ್ಮಂಥವರ ಲೆಕ್ಕ ತಪ್ಪಿಸುವುದು.

ಮಗಳಿಗೆ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿ ಬೇಕು, ಸರ್ಟಿಫಿಕೇಟಿನಲ್ಲಿ 65%. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ 5% ಸೀಟು ಮೀಸಲು. ಮಾಟುಂಗಾದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆದರೆ ಕಾಯ್ದೆ ಕೊಡಿಸಿದ ಸೀಟಿಗೂ ತರಗತಿಯ ಬೆಂಚಿಗೂ ನಡುವೆ ಇಡೀ ಮುಂಬಯಿ ಇದೆ.

ಮನೆ ಹತ್ತಿರದ ಅನುದಾನರಹಿತ ಕಾಲೇಜೊಂದನ್ನೂ ನೋಡಿದ್ದೆವು. ರ‍್ಯಾಂಪ್ ಇತ್ತು, ಲಿಫ್ಟೂ ಇತ್ತು. ಕೀಲಿ ಮಾತ್ರ ಪ್ಯೂನ್ ಹತ್ತಿರ, ಪ್ಯೂನ್ ಊಟಕ್ಕೆ ಹೋಗಿದ್ದ. ಬಿ.ಎ. ತರಗತಿಗಳು ಮೂರನೇ ಮಹಡಿಯಲ್ಲಿ. ‘ಚಿಂತೆ ಬೇಡ, ಹುಡುಗರು ಎತ್ತಿಕೊಂಡು ಹೋಗ್ತಾರೆ’ ಎಂದರು ಆಫೀಸಿನವರು. ಹದಿನೆಂಟರ ಹುಡುಗಿಯನ್ನು ದಿನಾ ಯಾರೋ ಎತ್ತಿಕೊಂಡು ಹೋಗುವುದು ಅವರ ಪಾಲಿಗೆ ಸೌಕರ್ಯ! ಅಲ್ಲಿಂದ ಎದ್ದು ಬಂದೆವು.

ಲೋಕಲ್ ಪಾಸು ಎಲ್ಲಕ್ಕಿಂತ ಅಗ್ಗ, ನಿಜ. ದಿವ್ಯಾಂಗರ ಡಬ್ಬಿಯೂ ಇದೆ. ಬೆಳಗಿನ ಗರ್ದಿಯಲ್ಲಿ, ಗಾಡಿ ನಿಲ್ಲುವ ಅರೆಗಳಿಗೆಯಲ್ಲಿ ಗಾಲಿಕುರ್ಚಿ ಹತ್ತಿಸಿದವರು ಯಾರಾದರೂ ಇದ್ದರೆ ಆಮೇಲೆ ಮಾತಾಡೋಣ.

ಇನ್ನು ಉಳಿದದ್ದು ಟ್ಯಾಕ್ಸಿ. ಹೋಗಿಬರಲು 900 ರೂಪಾಯಿ. ಕಾಲೇಜಿನ ದಿನಗಳು ವರ್ಷಕ್ಕೆ 180 ಅಂತಿಟ್ಟುಕೊಂಡರೆ 1,62,000. ಮೂರು ವರ್ಷಕ್ಕೆ 4,86,000. ಮನೆ ಬದಲಾಯಿಸಿದರೆ ತಿಂಗಳಿಗೆ ಕೈಯಿಂದ ಬೀಳುವ ವ್ಯತ್ಯಾಸ 23,000. ಮೂರು ವರ್ಷಕ್ಕೆ 8,28,000. ಬ್ರೋಕರೇಜ್ 45,000, ಸಾಮಾನು ಸಾಗಣೆ ಮತ್ತಿತರ ಖರ್ಚು 27,000 ಸೇರಿದರೆ ಸರಿಯಾಗಿ ಒಂಬತ್ತು ಲಕ್ಷ. ಹೆಚ್ಚುಕಡಿಮೆ ಎರಡರಷ್ಟು. ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಟ್ಯಾಕ್ಸಿಯಲ್ಲಿ ಜೊತೆಗೆ ಕೂರುವವರು ಯಾರು? ಕುರ್ಚಿ ಮಡಚಿ ಡಿಕ್ಕಿಗೆ ಹಾಕಿ, ಇಳಿಸಿ, ಎಲ್‌ಬಿಎಸ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಸಂಜೆ ಮತ್ತೆ ಅದೇ ಕೆಲಸಕ್ಕೆ ಹೋಗಬೇಕು. ಹೆಂಡತಿ ಕೆಲಸ ಬಿಡಬೇಕಾಗುತ್ತಿತ್ತು. ಅವಳ ಸಂಬಳ 30,000. ಮೂರು ವರ್ಷಕ್ಕೆ 10,80,000. ಟ್ಯಾಕ್ಸಿ ಸೇರಿ 15,66,000. ಒಂಬತ್ತು ಲಕ್ಷದ ಮನೆಯೇ 6,66,000 ಅಗ್ಗವಾಯಿತು. ಮಾಟುಂಗಾದಲ್ಲಿ ಮಗಳನ್ನು ಬೆಳಗ್ಗೆ ಕಾಲೇಜಿಗೆ ಬಿಟ್ಟು ಅವಳು ಆಫೀಸಿಗೆ ಹೋಗುತ್ತಾಳೆ. ತಾಯಿಯ ಸಮಯಕ್ಕೆ ಬೆಲೆ ಕಟ್ಟದ ಯಾವ ಬಜೆಟ್ಟನ್ನೂ ನಾನು ನಂಬುವುದಿಲ್ಲ.

ವೈಕಲ್ಯ ಬೇರೆಯಾದರೆ ಕಾಲೇಜಿನ ಆಯ್ಕೆಯೂ ಬೇರೆ. ದೃಷ್ಟಿದೋಷವಿರುವ ವಿದ್ಯಾರ್ಥಿಗೆ ಲಿಫ್ಟಿಗಿಂತ ಓದಲಾಗುವ ಪಠ್ಯ ಮುಖ್ಯ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ಅದಕ್ಕೆಂದೇ ಸಂಪನ್ಮೂಲ ಕೇಂದ್ರವಿದೆ. ಕಟ್‌ಆಫ್ ಪಟ್ಟಿ ನೋಡುವ ಮೊದಲು ಮಗುವಿಗೆ ಯಾವುದು ಅಡ್ಡಿ ಎಂಬುದನ್ನು ನೋಡಿ.

ಇನ್ನು ಈ ಖರ್ಚಿಗೆ ದುಡ್ಡು ಕೂಡಿಡುವ, ವಿಮಾ ಪಾಲಿಸಿಯ ವಿಷಯ. ‘ಇಂಥ ಮಕ್ಕಳಿಗೆಂದೇ ಇದೆ, 80ಡಿಡಿಯಲ್ಲಿ ತೆರಿಗೆ ಉಳಿಯುತ್ತೆ’ ಎನ್ನುತ್ತ ಒಬ್ಬರಲ್ಲ ಒಬ್ಬ ಏಜೆಂಟ್ ಮನೆಗೆ ಬರುತ್ತಾರೆ, ಬಹುಪಾಲು ನಮ್ಮೂರಿನವರೇ. ಆದಾಯ ತೆರಿಗೆಯ 80ಡಿಡಿ ಕಲಮಿಗೆ ಪಾಲಿಸಿಯೇ ಬೇಕಿಲ್ಲ ಮಾರಾಯರೇ! ಮಗುವಿನ ಚಿಕಿತ್ಸೆಗೋ ತರಬೇತಿಗೋ ಖರ್ಚು ಮಾಡಿದ್ದರೆ, ಮಾಡಿದ್ದು ಎಷ್ಟೇ ಇರಲಿ, 75,000 ಪೂರ್ತಿ ಕಡಿತ, ವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಪಾಲಿಸಿಗೆ ಕಟ್ಟಿದ ದುಡ್ಡೋ, 2022ರ ತಿದ್ದುಪಡಿಯ ಮೇಲೂ, ಅಪ್ಪ ಅಮ್ಮ ಬದುಕಿದ್ದರೆ ಅವರಿಗೆ 60 ತುಂಬಿದ ನಂತರವೇ ಮಗುವಿಗೆ ಬರಬೇಕು. ಮಗಳ ಕಾಲೇಜು ನನ್ನ ಅರವತ್ತರವರೆಗೆ ಕಾಯುತ್ತದೆಯೇ? ಹದಿನೆಂಟಕ್ಕೆ ಕೈಗೆ ಸಿಗುವ ದುಡ್ಡು ಬೇಕು. ಆರ್‌ಡಿ ಸಾಕು, ಲಿಕ್ವಿಡ್ ಫಂಡ್ ಸಾಕು. ಬೋನಸ್ಸಿನ ಪಟ್ಟಿ ಬಿಚ್ಚಿದವರಿಗೆ ಕಾಫಿ ಕೊಟ್ಟು ಕಳಿಸಿ.

ಇದೆಲ್ಲಕ್ಕಿಂತ ದುಬಾರಿಯಾದದ್ದು ನಮ್ಮವರ ಸಂಕೋಚ. ‘ಸರ್ಟಿಫಿಕೇಟ್ ಮಾಡಿಸಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ನಾಳೆ ತಂಗಿಯ ಮದುವೆಗೆ ತೊಂದರೆ’ ಎಂಬ ಮಾತನ್ನು ನಮ್ಮೂರವರ ಸಂಘದ ಸಭೆಗಳಲ್ಲಿ ಈಗಲೂ ಕೇಳುತ್ತೇನೆ. ಸರ್ಟಿಫಿಕೇಟೂ ಯುಡಿಐಡಿ (ವೈಕಲ್ಯದ ಗುರುತಿನ) ಕಾರ್ಡೂ ಇಲ್ಲದೆ ಹನ್ನೆರಡನೆಯ ತರಗತಿ ಮುಗಿಸಿ, ಅಡ್ಮಿಷನ್ ಹೊತ್ತಿಗೆ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುತ್ತಾರೆ. ಸೀಟಿನ ಮೀಸಲಾತಿ, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ, ತೆರಿಗೆ ಕಡಿತ, ಎಲ್ಲಕ್ಕೂ ಆ ಸರ್ಟಿಫಿಕೇಟೇ ಬುನಾದಿ. ಹಳೆ ತೆರಿಗೆ ಪದ್ಧತಿಯಲ್ಲಿ, 20%ರ ಸ್ಲ್ಯಾಬಿನಲ್ಲಿ ಇರುವವರಿಗೆ 80ಡಿಡಿಯಿಂದಲೇ, ಸೆಸ್ ಸೇರಿ, ವರ್ಷಕ್ಕೆ 15,600 ಉಳಿಯುತ್ತದೆ. ಹೊಸ ಪದ್ಧತಿಗೆ ಹೋದರೆ ಇದಿಲ್ಲ, ಹೋಲಿಸಿ ಆರಿಸಿಕೊಳ್ಳಿ. ಹಳೆಯದರಲ್ಲೇ ಉಳಿದು ಹತ್ತು ವರ್ಷ ಮುಚ್ಚಿಟ್ಟವರು ಬಿಟ್ಟುಕೊಟ್ಟದ್ದು 1,56,000. ನಾಲ್ಕು ಜನ ಏನಂದಾರು ಎಂಬುದಕ್ಕೆ ತೆತ್ತ ಬೆಲೆ ಅದು. ಆ ನಾಲ್ವರಲ್ಲಿ ಒಬ್ಬರೂ ಮಗುವಿನ ಫೀಸು ಕಟ್ಟಲು ಬರುವುದಿಲ್ಲ.