ಒಂದೇ ಥರ ಕಾಣೋ ಎರಡು ‘ಅ’
ಕನ್ನಡದ ‘ಅ’, ತೆಲುಗಿನ ‘ಅ’ ಅಕ್ಕಪಕ್ಕ ಬರೆದು ನೋಡಿ. ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ: ಯೂನಿಕೋಡ್‌ನಲ್ಲಿ, ದಶಮಾಂಶದಲ್ಲಿ ಹೇಳೋದಾದರೆ, ನಮ್ಮ ‘ಅ’ 3205, ಅವರದ್ದು 3077.

ಇದರಿಂದೇನು ತೊಂದರೆ? ವೆಬ್ ವಿಳಾಸವನ್ನು ಕನ್ನಡದಲ್ಲೂ ಬರೆಯಬಹುದು; ಕೊನೇ ಚುಕ್ಕಿಯ ನಂತರದ ‘.ಭಾರತ’ ಕೂಡ ಕನ್ನಡದಲ್ಲಿದೆ. ನೋಡೋಕೆ ಹಾಗೇ ಇರೋ ಹೆಸರನ್ನು ಇನ್ಯಾರೋ ತೆಲುಗು ಅಕ್ಷರಗಳಲ್ಲಿ ಪಡೆದರೆ, ನಾವು ಒಂದು ಕಡೆ ಅಂದ್ಕೊಂಡು ಇನ್ನೊಂದು ಕಡೆ ಪಾಸ್‌ವರ್ಡ್ ಕೊಡ್ತೀವಿ.

ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಒತ್ತಕ್ಷರದ ಕಷ್ಟ ಅಲ್ಲಿ ಕೂತವರಿಗೆ ಗೊತ್ತಾಗೋದು ಹೇಗೆ? ಅದಕ್ಕೇ ‘ನಿಯೋ-ಬ್ರಾಹ್ಮಿ’ ತಂಡ ಹುಟ್ಟಿತು: ಬ್ರಾಹ್ಮಿಯಿಂದ ಬಂದ 9 ಲಿಪಿಗಳು, ಭಾರತದ ಜೊತೆ ನೆರೆದೇಶಗಳ ತಜ್ಞರು. ಭಾರತ ಒಂದೇ ತೀರ್ಮಾನಿಸುವ ಹಾಗಿರಲಿಲ್ಲ. ಬಂಗಾಳಿ ಲಿಪಿ ಬಾಂಗ್ಲಾದೇಶದ್ದೂ ಹೌದು, ದೇವನಾಗರಿ ನೇಪಾಳದ್ದೂ ಹೌದು, ತಮಿಳು ಶ್ರೀಲಂಕಾದ್ದೂ ಹೌದು.

2019ರಲ್ಲಿ ಕನ್ನಡ, ತೆಲುಗಿನ ನಿಯಮಗಳ ಪ್ರಸ್ತಾವ ಸಿದ್ಧವಾಯಿತು. ಒಂದೇ ಥರ ಕಾಣುವ ಅಕ್ಷರಗಳನ್ನು ಜೋಡಿ ಮಾಡಿ ಪಟ್ಟಿ ಹಾಕಿದ್ದಾರೆ. ಒಂದು ಲಿಪಿಯಲ್ಲಿ ಹೆಸರು ಕೊಟ್ಟರೆ, ಇನ್ನೊಂದು ಲಿಪಿಯ ಜೋಡಿ ಹೆಸರು ಬ್ಲಾಕ್. ಆದರೆ ಇದು ಕೊನೇ ಚುಕ್ಕಿಯ ನಂತರದ ಭಾಗಕ್ಕೆ ಮಾತ್ರ. ಅದರ ಹಿಂದಿನ ಹೆಸರಿಗೆ ಆಯಾ ರಿಜಿಸ್ಟ್ರಿಯ ನಿಯಮವೇ ಗತಿ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡದ ವಿಳಾಸ ಬೇಕು ಅನ್ನಿಸದೇ ಇರಬಹುದು. ಕನ್ನಡ ಮಾತ್ರ ಓದಬಲ್ಲ ನಮ್ಮ ಅಜ್ಜಿಗೆ ಬೇಕು. ಇಂಥ ತಂಡಗಳಲ್ಲಿ ಕೂರೋಕೆ ಕೋಡೂ ಒತ್ತಕ್ಷರವೂ ಗೊತ್ತಿರೋರು ಬೇಕು. ನಮಗೆ ಕೋಡ್ ಕಲಿಸ್ತಿದ್ದಾರೆ. ಒತ್ತಕ್ಷರ ನಾವೇ ಕಲೀಬೇಕು.