ಮಡಿದವರ ನೆನಪು

ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಸ್ಮಾರಕಶಿಲೆಯಿದೆ. ಟಿಪ್ಪು ಸುಲ್ತಾನನ ಮೃತದೇಹವು ದೊರೆತ ಸ್ಥಳವನ್ನು ಅದು ಸೂಚಿಸುತ್ತದೆ. ಕೋಟೆಯ ಪಶ್ಚಿಮಕ್ಕೆ ನಡೆದರೆ ಎತ್ತರವಾದ ಸ್ತಂಭವೊಂದು ಕಾಣುತ್ತದೆ. 1799ರ ಮೇ 4ರಂದು ಕೊನೆಗೊಂಡ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಸೇನೆಯವರ ನೆನಪಿಗಾಗಿ ಮೈಸೂರು ಸರ್ಕಾರವು 1907ರಲ್ಲಿ ಇದನ್ನು ನಿಲ್ಲಿಸಿತು. ಇದರ ಮೇಲೆ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಗಿದೆ. ಅವನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದೇ ಕೋಟೆಯನ್ನು ಕಾಯುತ್ತ ಮಡಿದ ಸಾವಿರಾರು ಮಂದಿ ಮೈಸೂರಿನ ಯೋಧರ ಹೆಸರುಗಳೆಲ್ಲಿ?

ಆ ಜಯದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿಯು ನಾಣ್ಯದಂತೆ ದುಂಡಾದ ಪದಕವೊಂದನ್ನು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿತು. ಅದರ ಒಂದು ಮುಖದಲ್ಲಿ ಸಿಂಹವು ಹುಲಿಯನ್ನು ಕೆಡವಿದ ಚಿತ್ರವಿದೆ. ಸಿಂಹವು ಬ್ರಿಟಿಷರ ಲಾಂಛನ; ಹುಲಿ ಟಿಪ್ಪುವಿನದು. ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ ಹತ್ತುವ ದೃಶ್ಯವಿದೆ. ಹಿರಿಯ ಅಧಿಕಾರಿಗಳಿಗೆ ಚಿನ್ನದ ಪದಕ ದೊರೆತರೆ ಸಾಮಾನ್ಯ ಸಿಪಾಯಿಗೆ ತವರದ್ದು ದೊರೆಯಿತು. ಪದವಿಗೆ ತಕ್ಕಂತೆ ಲೋಹವೂ ಬದಲಾಯಿತು. ಅದು ವಿಜಯದ ಗುರುತೇ ಹೊರತು ಮಡಿದವರ ನೆನಪಲ್ಲ.

ಇದಕ್ಕಿಂತ ಬಹು ಹಿಂದೆಯೇ ನಮ್ಮ ನಾಡಿನಲ್ಲಿ ಬೇರೊಂದು ಪದ್ಧತಿಯಿತ್ತು. ತುರುಗಳನ್ನು ಬಿಡಿಸಲು, ಊರನ್ನು ಉಳಿಸಲು ಹೋರಾಡಿ ಮಡಿದವನಿಗೆ ಜನರು ವೀರಗಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಲ್ಲಿ ಅರಸನಿಗಷ್ಟೇ ಅಲ್ಲ, ಹಳ್ಳಿಯ ಸಾಮಾನ್ಯನಿಗೂ ಸ್ಥಾನವಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಇದಕ್ಕೆ ಅಪೂರ್ವ ನಿದರ್ಶನ. ಹತ್ತನೆಯ ಶತಮಾನದ ತಕ್ಕೋಲದ ಕಾಳಗದಲ್ಲಿ ಮಣಲೇರನು ತೋರಿದ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದು ಗಂಗರ ಬೂತುಗನು ಹೇಳಿದನು. ಮಣಲೇರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಕಾಳಿಯು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ನಮಗೆ ತಿಳಿದಿದೆ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿಯೂ ಇಂತಹ ಕಲ್ಲುಗಳಿವೆ. ಎಲ್ಲವುಗಳ ಮೇಲೂ ಅಕ್ಷರಗಳಿಲ್ಲ. ಎಷ್ಟೋ ವೀರರ ಹೆಸರು ಅಳಿದುಹೋಗಿದೆ. ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನೂ ಅದಕ್ಕೆ ದನ ಕಟ್ಟುವುದನ್ನೂ ನಾನು ಕಂಡಿದ್ದೇನೆ. ಅದು ದ್ವೇಷದಿಂದ ಮಾಡಿದ ಕೆಲಸವಲ್ಲ, ಅರಿಯದೆ ಮಾಡಿದ್ದು. ಆದರೆ ಅರಿಯದೆ ಸವೆಸಿದ ಕಲ್ಲೂ ಮತ್ತೆ ಮೊದಲಿನಂತಾಗದು.

ಪಟ್ಟಣದ ಕೋಟೆಯಲ್ಲಿ ಮಡಿದ ಆ ಯೋಧರ ಹೆಸರುಗಳನ್ನು ನಾವಿಂದು ಕೆತ್ತಲಾರೆವು. ಉಳಿದಿರುವ ಹೆಸರುಗಳನ್ನಾದರೂ ಕಾಪಾಡಬಲ್ಲೆವು. ನಿಮ್ಮ ಊರಿನಲ್ಲಿ ವೀರಗಲ್ಲಿದ್ದರೆ ಅದಕ್ಕೆ ಬಣ್ಣ ಬಳಿಯದಿರಿ, ಅದನ್ನು ಕೆರೆಯದಿರಿ. ಅದರ ಚಿತ್ರ ಬರೆದುಕೊಳ್ಳಿರಿ; ಅದರ ಕಥೆಯನ್ನು ಹಿರಿಯರಿಂದ ಕೇಳಿ ತಿಳಿಯಿರಿ; ನಿಮ್ಮ ಗುರುಗಳಿಗೆ ತಿಳಿಸಿರಿ. ನಮಗಾಗಿ ಪ್ರಾಣ ತೆತ್ತವರ ಋಣದಲ್ಲಿ ಅಷ್ಟನ್ನಾದರೂ ನಾವು ತೀರಿಸಬೇಕು.